ಹೆಸರು ಕೂಗುತ್ತಿದ್ದವರು

ಸತ್ತವರ ಬಗ್ಗೆ ಬರೆಯುವಾಗ ಮುಖ ಸಣ್ಣದು ಮಾಡಿಕೊಂಡು ಬರೆಯಬೇಕು ಅನ್ನುತ್ತಾರೆ. ನನ್ನ ಕೈಲಿ ಆಗುತ್ತಿಲ್ಲ. ಆ ಪುಣ್ಯಾತ್ಮರು ಹೋಗಿ ಇನ್ನೂ ತಿಂಗಳು ತುಂಬಿಲ್ಲ. ನಾನೋ ಬೆಳಗ್ಗೆ ಎದ್ದಾಗಿನಿಂದ ಒಬ್ಬಳೇ ನಗುತ್ತಿರುತ್ತೇನೆ. ಹಾಲಿನವನು ಕೂಡ ಕೇಳಿದ, "ಏನಜ್ಜೀ, ಲಾಟ್ರಿ ಹೊಡೀತಾ?" ಲಾಟರಿಗಿಂತ ದೊಡ್ಡದೇ ಹೊಡೆದಿದೆ ಕಣಪ್ಪ, ಹೊಡೆಸಿದವರು ಅವರು. ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು. ಪದ ತಪ್ಪಿದರೆ ಮೊಮ್ಮಗಳು ಸಿಂಚನಾ ತಿದ್ದುತ್ತಾಳೆ. ಅವರ ಹೆಸರು ಮಾತ್ರ ಬರೆಯಬೇಡಿ ಎಂದು ಅವರ ಮಗಳು ಕೇಳಿಕೊಂಡಿದ್ದಾಳೆ, ಬರೆಯುವುದಿಲ್ಲ. ನಮ್ಮ ಬೀದಿಯ ಮಕ್ಕಳೆಲ್ಲ ಅವರನ್ನು ಕೋರ್ಟ್ ತಾತ ಅನ್ನುತ್ತಿದ್ದರು.

ಹಿರಿಯೂರು ಕೋರ್ಟಿನಲ್ಲಿ ಅವರು ಜವಾನರಾಗಿದ್ದರು. ಒಳಗೆ ಕೇಸು ತೆಗೆದುಕೊಂಡರೆ ಇವರು ಬಾಗಿಲಿಗೆ ಬಂದು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗಬೇಕು. ಮೂರಕ್ಕೂ ಬರದಿದ್ದರೆ ಬರಲಿಲ್ಲ ಎಂದು ಬರೆದುಕೊಳ್ಳುತ್ತಾರೆ. ಹೆಸರು ಕೂಗುವುದೇನು ಮಹಾ ಕೆಲಸ ಅನ್ನಿಸಬಹುದು. ಅವರು ಕೂಗಿದ್ದನ್ನು ಕೇಳಿದವರು ಹಾಗನ್ನಲಾರರು.

ನಾನು ಮೊದಲ ಸಲ ಕೇಳಿದ್ದು ಹರಿಯಬ್ಬೆಯ ನಮ್ಮ ಹೊಲದ ಬದುವಿನ ಕೇಸಿನಲ್ಲಿ. ನಮ್ಮನೆಯವರು ಆಗ ಇದ್ದರು. ಸಾಕ್ಷಿ ಹೇಳಲು ನಾನೂ ಹೋಗಿದ್ದೆ. ಅಂಗಳದ ತುಂಬ ಜನ. ಖಾಕಿ ಅಂಗಿ, ಹೆಗಲಿಂದ ಸೊಂಟಕ್ಕೆ ಇಳಿದ ಕೆಂಪು ಪಟ್ಟಿ, ಅದರ ಮೇಲೆ ಹಿತ್ತಾಳೆ ಬಿಲ್ಲೆ ಹಾಕಿಕೊಂಡ ಒಬ್ಬರು ಕೂತವರ ನಡುವೆ ಬಗ್ಗಿ ಬಗ್ಗಿ ಏನೋ ಕೇಳುತ್ತ ಬರುತ್ತಿದ್ದರು. ನನ್ನ ಮುಂದೂ ನಿಂತರು.

"ತಾಯೀ, ಕಾಗದದಾಗೆ ಗೌರಮ್ಮ ಅಂತ ಐತೆ. ಮನೇಲಿ ಏನಂತ ಕರೀತಾರೆ?"

"ಗೌರಿ ಅಂತಾರೆ. ಯಾಕ್ರಿ?"

"ಕೂಗಿದಾಗ ನಿಮ್ಮನ್ನೇ ಕರೆದಂಗೆ ಆಗ್ಬೇಕಲ್ಲ, ಅದಕ್ಕೆ."

ಮಧ್ಯಾಹ್ನ ಅವರು ಬಾಗಿಲಲ್ಲಿ ನಿಂತು, ಎಡಗೈಯನ್ನು ಕಿವಿಗೆ ಒತ್ತಿಕೊಂಡು, "ಹರಿಯಬ್ಬೇ... ಗೌರಮ್ಮಾ... ಗೌರೀ..." ಎಂದು ಕೂಗಿದರು. ನನ್ನ ಮೈ ಜುಮ್ಮೆಂದಿತು. ಗಟ್ಟಿ ಗಂಟಲು ಎಷ್ಟೋ ಕೇಳಿದ್ದೇನೆ. ಇದು ಬರೀ ಗಟ್ಟಿಯಲ್ಲ. ಹೊತ್ತು ಮುಳುಗುವಾಗ ಆಟ ಬಿಟ್ಟು ಮನೆಗೆ ಬಾರೇ ಎಂದು ನಮ್ಮವ್ವ ಹಿತ್ತಲ ಬಾಗಿಲಲ್ಲಿ ನಿಂತು ಕೂಗುತ್ತಿದ್ದ ಹಾಗಿತ್ತು. ಕಟಕಟೆಯ ಭಯ ಎಲ್ಲಿ ಹೋಯಿತೋ! ಎದ್ದು ಓಡಿದೆ.

ಮನೆಯಲ್ಲಿ ಕರೆಯುವ ಹೆಸರು ಯಾಕೆ ಕೇಳುತ್ತಿದ್ದಿರಿ ಎಂದು ಎಷ್ಟೋ ವರ್ಷದ ಮೇಲೆ ಕೇಳಿದೆ, ಹೇಳಿದರು. "ಕೆಲಸಕ್ಕೆ ಸೇರಿದ ಹೊಸದು ಗೌರಮ್ಮಾರೆ. ತಿಪ್ಪಮ್ಮ ಅಂತ ಇತ್ತು. ಮೂರು ಸಲ ಕೂಗ್ದೆ, ಯಾರೂ ಬರ್ಲಿಲ್ಲ. ಕೇಸು ಹೋತು. ಸಂಜೆ ಬಾಗ್ಲು ಹಾಕ್ತೀನಿ, ಒಂದು ಮುದುಕಿ ಮರದ ಬುಡದಾಗೆ ಇನ್ನೂ ಕುಂತೈತೆ. ಯಾಕವ್ವ ಅಂದ್ರೆ, 'ನನ್ನ ಕರೀಲೇ ಇಲ್ವಲ್ಲಪ್ಪಾ' ಅಂತು. ಹುಟ್ಟಿದಾಗಿಂದ ಊರೆಲ್ಲ ಕರೆದಿದ್ದು ಗುಂಡಕ್ಕ ಅಂತ. ತಾನು ತಿಪ್ಪಮ್ಮ ಅಂತ ಅದಕ್ಕೇ ನೆಪ್ಪಿಲ್ಲ. ನನ್ನಿಂದ ಇಪ್ಪತ್ತು ಹೆಜ್ಜೆ ದೂರದಾಗೆ ಕುಂತಿತ್ತು." ಆಮೇಲೆ ಟವೆಲ್ಲಿನಿಂದ ಬಾಯಿ ಒರೆಸಿಕೊಂಡು, "ಅವತ್ತಿಂದ ಕೇಳದೆ ಕೂಗಿಲ್ಲ" ಅಂದರು.

ನಿವೃತ್ತಿಯಾದ ಎಷ್ಟೋ ವರ್ಷಕ್ಕೆ ಹೆಂಡತಿ ತೀರಿಕೊಂಡಾಗ ಮಗಳು ಹೊಸದುರ್ಗಕ್ಕೆ ಕರೆದಳು. ಅವರು ಹೋಗಲಿಲ್ಲ. "ಈ ತಾಲ್ಲೂಕಿನ ಹೆಸರೆಲ್ಲ ಬಾಯಿಪಾಠ ಆಗವೆ. ಅಲ್ಲಿ ಮತ್ತೆ ಮೊದಲಿಂದ ಕಲೀಬೇಕು" ಎಂದು ನಮ್ಮ ಎದುರು ಮನೆ ಬಾಡಿಗೆಗೆ ಹಿಡಿದರು. ಸೊಪ್ಪಿನವಳು ಬಂದರೂ ಸರಿ, ಕರೆಂಟು ಬಿಲ್ಲಿನವನು ಬಂದರೂ ಸರಿ, ಮೊದಲ ಪ್ರಶ್ನೆ, "ಮನೇಲಿ ಏನಂತ ಕರೀತಾರೆ?" ಆ ಸೊಪ್ಪಿನವಳು ಮರುದಿನದಿಂದ ಮೊದಲು ಅವರ ಮನೆಗೇ ಹೋಗುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಎಳೆ ಸೊಪ್ಪೆಲ್ಲ ಅಲ್ಲೇ ಖರ್ಚಾಗುತ್ತಿತ್ತು.

ಈಗ ನನ್ನ ಮನೆಯ ಮಾತು ಒಂದು ಹೇಳಬೇಕು. ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನನಗೆ ಒಬ್ಬನೇ ಮಗ, ರಂಗಸ್ವಾಮಿ. ಮಾರಿಕಣಿವೆ ಅಣೆಕಟ್ಟಿನ ಕಡೆ ನೀರಾವರಿ ಕೆಲಸದಲ್ಲಿದ್ದಾನೆ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳು ಸಿಂಚನಾ, ಪಿಯುಸಿ ಓದುತ್ತಿದ್ದಾಳೆ. ದೊಡ್ಡವಳು ಕಾವ್ಯ. ಸೊಸೆ ಬೇಗ ತೀರಿಕೊಂಡಿದ್ದರಿಂದ ಚಿಕ್ಕವಳಿಗೆ ಜಡೆ ಹೆಣೆದದ್ದು, ಹೋಂವರ್ಕ್ ಮಾಡಿಸಿದ್ದು ಎಲ್ಲ ಕಾವ್ಯಳೇ. ಸಿರಿಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದಿದಳು, ಜೊತೆಯಲ್ಲಿ ಓದಿದ ಹೊಳಲ್ಕೆರೆಯ ಹುಡುಗನನ್ನು ಮದುವೆಯಾದಳು. ಬೇರೆ ಜಾತಿ. ಮಗ ಗೋಡೆಯ ಮೇಲಿನ ಅವಳ ಫೋಟೋ ಇಳಿಸಿದ. "ಇನ್ಮೇಲೆ ಈ ಮನೇಲಿ ಆ ಹೆಸರು ಯಾರ ಬಾಯಲ್ಲೂ ಬರಬಾರದು" ಅಂದ. ಎರಡು ವರ್ಷ ಯಾರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕೋರ್ಟ್ ತಾತ ನಮ್ಮ ಬೀದಿಗೆ ಬಂದದ್ದು ಅವಳು ಹೋದ ಮೇಲೆ. ನಮಗೆ ಒಬ್ಬಳೇ ಮೊಮ್ಮಗಳು ಎಂದು ಅವರು ತಿಳಿದಿದ್ದರು, ನಾವೂ ಹಾಗೆಂದೇ ತೋರಿಸಿಕೊಂಡಿದ್ದೆವು.

ಇನ್ನು ಟೀವಿಯ ಮಾಟಗಾತಿಯರ ವಿಚಾರ.

ಸಿಂಚನಾ ಮತ್ತು ಅವಳ ಹೈಸ್ಕೂಲಿನ ಗೆಳತಿ ಭುವನಾ ಒಂದು ಧಾರಾವಾಹಿಯ ಹಿಂದೆ ಬಿದ್ದಿದ್ದರು. ಯಾವುದೋ ದೇಶದ್ದು, ಕನ್ನಡಕ್ಕೆ ಮಾತು ಹಾಕಿದ್ದಾರೆ. ಮಾಟಗಾತಿಯರು ಅಂದರೆ ನಮ್ಮ ಕಡೆಯ ನಿಂಬೆಹಣ್ಣಿನವರಲ್ಲ. ಬೆನ್ನಿಗೆ ಉದ್ದ ಬಟ್ಟೆ ಹಾರಿಸಿಕೊಂಡು ಆಕಾಶದಲ್ಲಿ ತೇಲಿ ಊರು ಕಾಯುವ ಸೂಪರ್ ಹೀರೋಗಳು. ಅಕ್ಕ ತಂಗಿ ಇಬ್ಬರು, ತಂಗಿಯನ್ನು ಸಾಕಿದ್ದು ಅಕ್ಕನೇ. ಯಾವುದೋ ಸಿಟ್ಟಿನಲ್ಲಿ ಅಕ್ಕ ಊರಿನವರ ಹೆಸರುಗಳನ್ನೆಲ್ಲ ಕದ್ದು ಗಾಜಿನ ಗೋಲಿಯೊಳಗೆ ಬಚ್ಚಿಡುತ್ತಾಳೆ. ಹೆಸರು ಹೋದವರಿಗೆ ಮನೆಯ ದಾರಿಯೇ ಮರೆತುಹೋಗುತ್ತದೆ. ಕೊನೆಯ ಕಂತಿನಲ್ಲಿ ತಂಗಿ ಗೋಲಿ ಒಡೆದು ಎಲ್ಲರಿಗೂ ಹೆಸರು ವಾಪಸ್ ಕೊಡಿಸುತ್ತಾಳೆ. ಅದಕ್ಕೆ ಬದಲಾಗಿ ಅಕ್ಕನ ಹೆಸರು ಅಳಿಸಿಹೋಗಬೇಕು. ತಂಗಿ ಅಳಿಸುತ್ತಾಳೆ. ಅಂಥವಳೊಬ್ಬಳು ಇದ್ದಳು ಅನ್ನುವುದೇ ಆಮೇಲೆ ಯಾರಿಗೂ ನೆನಪಿಲ್ಲ. ಅಷ್ಟಕ್ಕೆ ಕಥೆ ಮುಗಿಸಿದ್ದಾರೆ.

ಆ ಕೊನೆಯ ಕಂತು ಬಂದ ದಿನ ನಮ್ಮ ಜಗಲಿಯಲ್ಲಿ ಕುರುಕ್ಷೇತ್ರ.

"ಮತ್ತೇನ್ ಮಾಡ್ಬೇಕಿತ್ತು ಕಣೇ? ಒಬ್ಬಳಿಗೋಸ್ಕರ ಊರೆಲ್ಲ ಹಾಳಾಗ್ಬೇಕಿತ್ತಾ?" ಅಂದಳು ಭುವನಾ.

"ಸಾಕಿದ ಅಕ್ಕನ್ನ ಅಳಿಸಿ ಹಾಕ್ತಾಳಲ್ಲೇ! ಕಣ್ಣಲ್ಲಿ ಒಂದು ಹನಿ ನೀರೂ ಇಲ್ಲ. ಊರೆಲ್ಲ ನಿಂತು ನೋಡ್ತು!" ಸಿಂಚನಾ ಕಿರುಚುತ್ತಿದ್ದಳು. "ಆದ್ರೆ ಅಕ್ಕ ಸತ್ತಿಲ್ಲ. ಕೊನೇ ಸೀನಲ್ಲಿ ಕಿಟಕೀಲಿ ದೀಪ ಉರೀತಿತ್ತು. ಅಂದ್ರೆ ಇದಾಳೆ."

"ಅದು ಎಡಿಟಿಂಗ್ ಮಿಸ್ಟೇಕ್ ಅಂತ ಗ್ರೂಪಲ್ಲಿ ಎಲ್ಲ ಹೇಳಿದಾರೆ, ನೋಡು ಬೇಕಾದ್ರೆ."

"ಗ್ರೂಪಿಗೆ ಬೆಂಕಿ ಹಾಕು!"

ಅಷ್ಟರಲ್ಲಿ ಎದುರು ಮನೆಯಿಂದ ಕೋರ್ಟ್ ತಾತ ಪಂಚೆ ಎತ್ತಿ ಕಟ್ಟಿಕೊಂಡು ಓಡಿಬಂದರು. "ಯಾವ ಊರಾಗೆ? ತಂಗಿನೇ ಮಾಡಿದ್ಲಾ? ಕಂಪ್ಲೇಂಟು ಆಗೈತಾ? ಬಾಡಿ ಸಿಕ್ತಾ?"

ಹುಡುಗಿಯರು ಒಂದು ಗಳಿಗೆ ಜಗಳ ಮರೆತು ಬಿದ್ದು ಬಿದ್ದು ನಕ್ಕರು. ಟೀವಿ ವಿಚಾರ ಎಂದು ತಿಳಿಸಿದರೆ ಬೇರೆ ಯಾರಾದರೂ ಪೆಚ್ಚಾಗಿ ಹೋಗಿಬಿಡುತ್ತಿದ್ದರು. ಇವರು ಕೂತರು. "ನೀವು ಹೇಳಿದ್ರೆ ಆಗ್ಲಿಲ್ಲ. ಫೈಲು ನೋಡದೆ ಬಾಯಿ ಬಿಡಬಾರ್ದು. ಮೊದಲಿಂದ ತೋರ್ಸ್ರಿ."

ಎಂಟು ಕಂತು, ಎಂಟು ಸಂಜೆ. ನಮ್ಮ ಜಗಲಿಯ ಕಂಬಕ್ಕೆ ಫೋನು ಒರಗಿಸಿಟ್ಟುಕೊಂಡು ಮೂವರೂ ನೋಡಿದರು. ದೀಪ ಹಚ್ಚುವ ಹೊತ್ತಿನಲ್ಲಿ ಮಾಟ ಗೀಟ ಅನ್ನಬೇಡಿ ಎಂದು ನಾನು ಗೊಣಗುತ್ತಲೇ ಹಿಂದೆ ಕೂತು ನೋಡುತ್ತಿದ್ದೆ. ಅದರಲ್ಲಿ ಮಾಟಗಾತಿಯರ ಹಿರಿಯರ ಸಭೆಯೊಂದು ಬರುತ್ತದೆ. ಬಿಳಿ ಕೂದಲಿನ ಮುದುಕಿ ಬಂದು ಎತ್ತರದ ಕುರ್ಚಿಯಲ್ಲಿ ಕೂರುತ್ತಾಳೆ. ಅವಳು ಬಂದಾಗಲೆಲ್ಲ ಕೋರ್ಟ್ ತಾತ ಎದ್ದು ನಿಲ್ಲುತ್ತಿದ್ದರು. ಅವರಿಗೇ ಗೊತ್ತಾಗದ ಹಾಗೆ ಕೈ ಎದೆಯ ಮೇಲೆ ಹೋಗಿ ಇಲ್ಲದ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತಿತ್ತು. ಭುವನಾ ಮೊದಲ ದಿನ ಕಿಸಕ್ಕೆಂದಳು. ಮೂರನೇ ದಿನಕ್ಕೆ ಅವಳೂ ಎದ್ದು ನಿಲ್ಲತೊಡಗಿದಳು.

ಹುಡುಗಿಯರಿಬ್ಬರೂ ಮಾತು ಬಿಟ್ಟಿದ್ದರು. ಏನಿದ್ದರೂ ತಾತನ ಮೂಲಕ. "ತಾತ, ಅವಳಿಗೆ ಹೇಳಿ, ಊರಿನ ಜನಾನೂ ಮನುಷ್ಯರೇ ಅಂತ." "ತಾತ, ನೀವೇ ಹೇಳಿ ಅವಳಿಗೆ, ಅಕ್ಕ ಅಂದ್ರೆ ಏನು ಅಂತ ಅಕ್ಕ ಇಲ್ದೋರಿಗೆ ಗೊತ್ತಾಗಲ್ಲ ಅಂತ." ಇವರು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ಒಂದಕ್ಷರ ಬಿಡದೆ ದಾಟಿಸುತ್ತಿದ್ದರು. ಎಪ್ಪತ್ತು ದಾಟಿದವರು ಚಿಕ್ಕ ಹುಡುಗಿಯರ ಟೀವಿ ಜಗಳವನ್ನು ಇಷ್ಟು ಗೌರವದಿಂದ ಕೇಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನಾದರೋ ಸಿಂಚನಾ ಯಾಕೆ ಅಷ್ಟು ಕೆರಳುತ್ತಾಳೆ ಎಂದು ಗೊತ್ತಿದ್ದೂ, ಗೊತ್ತಿಲ್ಲದವಳ ಹಾಗೆ ಶೇಂಗಾ ಸುಲಿಯುತ್ತಿದ್ದೆ.

ಎಂಟನೆಯ ಕಂತು ಮುಗಿದದ್ದು ಒಂದು ಭಾನುವಾರ. ಮಗ ರಜೆಯಲ್ಲಿದ್ದ, ಒಳಗೆ ಊಟಕ್ಕೆ ಕೂತಿದ್ದ. ಕೋರ್ಟ್ ತಾತ ಕನ್ನಡಕ ತೆಗೆದು ಒರೆಸಿದರು.

"ಆ ದೊಡ್ಡ ಹುಡುಗಿ ಏನಂದ್ಲು?"

"ಯಾವಾಗ ತಾತ?" ಅಂದಳು ಭುವನಾ.

"ಅಳಿಸೋಕೆ ಮುಂಚೆ. ಕರೆದು ಕೇಳಿದ್ರಾ ಅವಳನ್ನ?"

"ಎಲ್ಲಿ ಕೇಳ್ತಾರೆ? ಟೈಮೇ ಇರಲಿಲ್ಲ."

"ಟೈಮು ಯಾವ ಕೋರ್ಟಾಗೂ ಇರಲ್ಲವ್ವ."

ಸಿಂಚನಾ ಚಪ್ಪಾಳೆ ತಟ್ಟಿದಳು. "ಹಂಗಾದ್ರೆ ತಂಗೀದೇ ತಪ್ಪು. ಗೆದ್ದೆ ನಾನು!"

"ನಾನೆಲ್ಲಂದೆ ಹಂಗೆ? ತೀರ್ಪು ಕೊಡೋರು ಒಳಗೆ ಕುಂತಿರ್ತಾರೆ. ನಾನು ಬಾಗ್ಲಾಗೆ ನಿಂತೋನು. ಮೊದ್ಲು ಕೂಗಾಣ. ಅವಳ ಹೆಸರು ಹೇಳ್ರಿ."

"ಅಯ್ಯೋ ತಾತ, ಅದೇ ಅಳಿಸಿಹೋಯ್ತಲ್ಲ! ಮೊದಲಿಂದ್ಲೂ ಬರೀ ಅಕ್ಕ ಅಂತಾರೆ, ಕೊನೇಲಿ ಬರೋ ಹೆಸರಿನ ಪಟ್ಟೀಲೂ ಆ ಜಾಗ ಖಾಲಿ ಬಿಟ್ಟಿದಾರೆ," ಭುವನಾ ನಕ್ಕಳು.

"ಹೆಸರಿಲ್ದೆ ಹೆಂಗೆ ಕೂಗ್ಲಿ? ಯಾವುದಾದ್ರೂ ಒಂದು ಕೊಡ್ರಿ."

ಸಿಂಚನಾ ನೆಲ ನೋಡುತ್ತ, "ಕಾವ್ಯ" ಅಂದಳು.

ಭುವನಾಳ ನಗು ನಿಂತಿತು. ನನ್ನ ಕೈಲಿದ್ದ ಶೇಂಗಾ ಅಲ್ಲೇ ನಿಂತಿತು.

"ತಂದೆ ಹೆಸರು?"

"ರಂಗಸ್ವಾಮಿ."

"ಊರು?"

"ಹರಿಯಬ್ಬೆ."

ಅವರು ಸಿಂಚನಾಳನ್ನು ನೋಡಲಿಲ್ಲ. ತಿರುಗಿ ನನ್ನ ಮುಖ ನೋಡಿದರು. ಸಾವಿರಾರು ಜನರ ಮುಖ ನೋಡಿದ ಕಣ್ಣುಗಳು ಅವು. ಎರಡು ವರ್ಷದ ಫೈಲು ಒಂದೇ ನೋಟಕ್ಕೆ ಓದಿಬಿಟ್ಟರು. ನಾನು ತಲೆ ಅಲ್ಲಾಡಿಸಿದ್ದರೆ ಸಾಕಿತ್ತು, "ಟೀವಿ ಮಾತು ಬಿಡ್ರಿ ಅಣ್ಣಾರೆ" ಅಂದಿದ್ದರೆ ಎದ್ದು ಹೋಗುತ್ತಿದ್ದರು. ಅವರು ಮೆಲ್ಲಗೆ ನನ್ನನ್ನೇ ಕೇಳಿದರು.

"ಮನೇಲಿ ಏನಂತ ಕರೀತಾರೆ?"

ಶೇಂಗಾ ಪಕ್ಕಕ್ಕಿಟ್ಟೆ. "ಪುಟ್ಟಿ" ಅಂದೆ.

ಅವರು ಎದ್ದರು. ಜಗಲಿಯಿಂದ ಇಳಿದು ಬೀದಿಯಲ್ಲಿ ನಿಂತರು. ಎಡಗೈ ಕಿವಿಗೆ ಹೋಯಿತು.

"ಹರಿಯಬ್ಬೇ... ರಂಗಸ್ವಾಮಿ ಮಗಳು... ಕಾವ್ಯಾ... ಪುಟ್ಟೀ..."

ನಿವೃತ್ತಿಯಾಗಿ ಎಷ್ಟು ಕಾಲವಾಗಿತ್ತೋ, ಆ ಗಂಟಲು ಒಂದಿಷ್ಟೂ ಮಾಸಿರಲಿಲ್ಲ. ಅಂಗಡಿಯವನು ತೂಕದ ಕೈ ತಡೆದು ಹೊರಗೆ ಬಗ್ಗಿ ನೋಡಿದ. ಕಟ್ಟೆಯ ಮೇಲಿನ ನಾಯಿ ಎದ್ದು ನಿಂತಿತು. ನನಗೋ, ಆ ಹುಡುಗಿ ಬೀದಿಯ ಕೊನೆಯಲ್ಲಿ ಎಲ್ಲೋ ಆಟವಾಡುತ್ತಿದ್ದಾಳೆ, ಈಗ ಬಂದೇಬಿಡುತ್ತಾಳೆ ಅನ್ನಿಸಿತು. ದೇವರ ಮುಂದೆ ನಿಂತಾಗಲೂ ನನಗೆ ಅಂಥ ಜುಮ್ಮು ಬಂದಿಲ್ಲ.

ಮಗ ಎಂಜಲು ಕೈಯಲ್ಲೇ ಹೊರಗೆ ಬಂದ. "ಯಾರ್ರೀ ಕೂಗಿದ್ದು?"

"ನಾನೇ ಕಣಪ್ಪ."

"ದೊಡ್ಡೋರು ಅಂತ ಸುಮ್ನಿದೀನಿ. ನಮ್ಮನೆ ವಿಚಾರ ಬೀದೀಲಿ ಕೂಗಕ್ಕೆ ನೀವ್ಯಾರ್ರೀ?"

"ಕೂಗೋನು. ಹಾಜರಿದಾರಾ?"

"ಇಲ್ಲಿಲ್ಲ ಅವಳು!"

"ಬರಲಿಲ್ಲ ಅಂತ ಬರ್ಕೊಳ್ಳಾಣಾ? ಏನು, ವಾಯಿದೆ ಕೇಳ್ತೀಯಾ?"

ಬದುವಿನ ಕೇಸಿಗೆ ಅಪ್ಪನ ಜೊತೆ ಅಲೆದವನು ನನ್ನ ಮಗ. ವಾಯಿದೆ ಅಂದರೆ ಇನ್ನೊಂದು ದಿನ ಕೊಡುತ್ತಾರೆ, ಕೇಸು ಮುಗಿದಿಲ್ಲ ಎಂದು ಅವನಿಗೆ ಗೊತ್ತು. ನಿಂತೇ ಇದ್ದ. ಕೈಯ ಮೇಲಿನ ಅನ್ನ ಒಣಗುತ್ತಿತ್ತು.

"ಅವಳೇ ಬಿಟ್ಟುಹೋಗಿದ್ದು. ನಾನೇನು ಕಳಿಸಿಲ್ಲ" ಅಂದ.

"ಅದನ್ನ ಅವಳ ಮುಂದೆ ಹೇಳು. ನಂಗ್ಯಾಕಪ್ಪ ಹೇಳ್ತೀಯ?"

"ಕೂಗಿಬಿಟ್ರೆ ಬಂದ್ಬಿಡ್ತಾಳಾ?"

"ಗೊತ್ತಿಲ್ಲ. ಕೂಗಿದ್ಮೇಲೆ ಬಂದೋರೂ ಅವ್ರೆ, ಬರದೋರೂ ಅವ್ರೆ. ಕೂಗದೆ ಯಾರೂ ಬಂದಿದ್ದು ನಾನು ನೋಡಿಲ್ಲ."

ಮಗ ಒಳಗೆ ಹೋದ. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸಿತು. ಮರುದಿನ ಅವರ ಮನೆಗೆ ಹೋಗಿ ಜಗಳ ತೆಗೆಯುತ್ತಾನೆ ಎಂದು ಹೆದರಿದ್ದೆ, ತೆಗೆಯಲಿಲ್ಲ. ಮುಂದಿನ ಭಾನುವಾರ ಕೋರ್ಟ್ ತಾತ ಮತ್ತೆ ಬೀದಿಯಲ್ಲಿ ನಿಂತು ಎರಡನೆಯ ಸಲ ಕೂಗಿದರು. ಮಗ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ, ಏಳಲಿಲ್ಲ. ಕಿಟಕಿಯನ್ನೂ ಮುಚ್ಚಲಿಲ್ಲ. ಅದರ ಮುಂದಿನ ಭಾನುವಾರ ಸಿಂಚನಾ ಹೋಗಿ ಪೀಡಿಸಿದಳು, "ತಾತ, ಮೂರನೇದು?" ಅವರು ಒಪ್ಪಲಿಲ್ಲ. "ಮೂರನೇದು ಕೂಗಿದ್ರೆ ಬರ್ಕೋಬೇಕಾಗ್ತದವ್ವ. ಇರ್ಲಿ."

ಆಮೇಲೆ ಅವರಿಗೆ ಕೆಮ್ಮು ಹಿಡಿಯಿತು, ಗಂಟಲು ಕಟ್ಟಿತು. ಮಗಳು ಬಂದು ಹೊಸದುರ್ಗಕ್ಕೆ ಕರೆದುಕೊಂಡು ಹೋದಳು. ಮಾತೇ ಬರುತ್ತಿಲ್ಲ, ಪಿಸುಗುಟ್ಟುತ್ತಾರೆ ಅಷ್ಟೆ ಎಂದು ಸುದ್ದಿ ಬಂತು. ಆ ಗಂಟಲು!

ಒಂದು ಬೆಳಗ್ಗೆ ಮಗ ಇಸ್ತ್ರಿ ಅಂಗಿ ಹಾಕಿಕೊಂಡು, "ಆ ತಾತನ್ನ ನೋಡ್ಕೊಂಡು ಬರ್ತೀನಿ ಕಣವ್ವ" ಎಂದು ಹೊಸದುರ್ಗದ ಬಸ್ಸು ಹತ್ತಿದ. ಸಂಜೆಗೆ ವಾಪಸ್ ಬರಬೇಕಿತ್ತು, ಬರಲಿಲ್ಲ. "ಬೆಳಗ್ಗೆ ಬರ್ತೀನಿ" ಎಂದಷ್ಟೇ ಫೋನು. ಅವರಿಬ್ಬರೂ ಏನು ಮಾತಾಡಿಕೊಂಡರೋ, ಮಾತು ಬಾರದವರು ಏನು ಹೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಮಗ ಚಪ್ಪಲಿ ಹುಡುಕುತ್ತಾನೆ. ಹೊಸದುರ್ಗದಿಂದ ಹೊಳಲ್ಕೆರೆಗೆ ನೇರ ಬಸ್ಸಿದೆ ಅನ್ನುವುದಷ್ಟೇ ನನಗೆ ಗೊತ್ತು.

ಮರುದಿನ ಬಾಗಿಲ ಮುಂದೆ ಆಟೋ ನಿಂತಿತು. ಮೊದಲು ಮಗ ಇಳಿದ, ಆಮೇಲೆ ಒಬ್ಬ ಹುಡುಗ ಬ್ಯಾಗು ಹಿಡಿದು ಹೆದರಿಕೊಂಡೇ ಇಳಿದ, ಆಮೇಲೆ ಕಾವ್ಯ. ಕಂಕುಳಲ್ಲಿ ಎಂಟು ತಿಂಗಳ ಹೆಣ್ಣು ಕೂಸು! ನನ್ನ ಮರಿಮಗಳು ನಗುತ್ತ ನನ್ನನ್ನೇ ನೋಡುತ್ತಿದ್ದಾಳೆ, ನನಗೆ ಅಂಥದ್ದೊಂದು ಜೀವ ಭೂಮಿಯ ಮೇಲಿದೆ ಎಂದೇ ಗೊತ್ತಿರಲಿಲ್ಲ. ಆರತಿ ತಟ್ಟೆ ಹಿಡಿದು ಓಡಿದೆ, ದೀಪ ಮರೆತೆ, ಮತ್ತೆ ಓಡಿದೆ. ಕುಂಕುಮದ ನೀರು ಅರ್ಧ ನನ್ನ ಸೀರೆಯ ಮೇಲೇ. ಸಿಂಚನಾ ಅಕ್ಕನ ಕುತ್ತಿಗೆಗೆ ಜೋತುಬಿದ್ದವಳು ಬಿಡಲೇ ಇಲ್ಲ.

ಕೋರ್ಟ್ ತಾತನಿಗೆ ಫೋನು ಹಚ್ಚಿದೆವು. ಸಿಂಚನಾ ಮೊದಲೇ ಹೇಳಿಕೊಟ್ಟಿದ್ದಳು. ಕಾವ್ಯ ಹಾಗೇ ಹೇಳಿದಳು, "ತಾತ, ಹರಿಯಬ್ಬೆ ರಂಗಸ್ವಾಮಿ ಮಗಳು ಕಾವ್ಯ, ಹಾಜರಿದೀನಿ." ಆ ಕಡೆ ಬರೀ ಉಸಿರು. ಆಮೇಲೆ ಗಾಳಿಯಂಥ ಪಿಸುಮಾತು, "ಕೂಸಿಗೆ ಮನೇಲಿ ಏನಂತ ಕರೀತೀರವ್ವ?" "ಬಂಗಾರಿ ಅಂತೀವಿ ತಾತ." "ಹ್ಞೂಂ" ಅಂದರು. ನಾನು ಕೇಳಿದ ಅವರ ಕೊನೆಯ ಮಾತು ಅದು. ಹನ್ನೆರಡು ದಿನಕ್ಕೆ ಹೋಗಿಬಿಟ್ಟರು. ಮಣ್ಣಿಗೆ ನಾವೆಲ್ಲ ಹೋದೆವು. ಭುವನಾ ನಮಗಿಂತ ಹೆಚ್ಚು ಅತ್ತಳು.

ಕಾವ್ಯ ಬಂದ ದಿನದ ಸಂಜೆಯದ್ದು ಒಂದು ಹೇಳುವುದು ಉಳಿದಿದೆ. ಊಟ ಮುಗಿಸಿ ಹುಡುಗಿಯರು ಜಗಲಿಗೆ ಬಂದರು. ಭುವನಾಳೂ ಬಂದಿದ್ದಳು. ಆ ಧಾರಾವಾಹಿಯನ್ನು ಕಾವ್ಯಳೂ ಹೊಳಲ್ಕೆರೆಯಲ್ಲಿ ಕೂತು ಪೂರ್ತಿ ನೋಡಿದ್ದಳಂತೆ. ನೋಡಿ, ತಂಗಿ ಮಾಟಗಾತಿ ಮಾಡಿದ್ದೇ ಸರಿ ಅಂದುಬಿಟ್ಟಳು! ಭುವನಾ ಕುಣಿದಾಡಿದಳು. ಸಿಂಚನಾಳ ಮುಖ ನೋಡಬೇಕಿತ್ತು.

"ಲೇ, ನಿನ್ನ ಪರವಾಗಿ ಊರೆಲ್ಲ ಜಗಳ ಆಡಿದೀನಿ ಕಣೇ ನಾನು! ಇವಳ ಜೊತೆ ಮಾತು ಬಿಟ್ಟೆ, ಗ್ರೂಪಿಂದ ಹೊರಗೆ ಬಂದೆ. ಈಗ ನೀನೇ ಹಿಂಗಂತೀಯಾ?"

ಕಾವ್ಯ ನಗುತ್ತಲೇ ಅಂದಳು, "ಅವಳನ್ನ ನಾನು ಅಂತ ಯಾಕೆ ಅಂದ್ಕೊಂಡೆ? ಅವಳು ಊರಿನೋರ ಹೆಸರೆಲ್ಲ ಕದ್ದಿದ್ಲು. ನಾನೇನು ತಪ್ಪು ಮಾಡಿದ್ದೆ?"

ತಮಾಷೆಗೇ ಅಂದದ್ದು. ಹುಡುಗಿಯರೂ ನಗಲೆಂದು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಹಿಂದೆ ಬಾಗಿಲಲ್ಲಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತ ನಿಂತಿದ್ದ ರಂಗಸ್ವಾಮಿ, ಯಾರೂ ಅವನನ್ನು ಕೇಳದೆಯೇ ಹೇಳಿದ.

"ಏನೂ ಮಾಡಿರ್ಲಿಲ್ಲ ಕಣವ್ವ."